ಕೊನೆಯವನ ಹಿಂದೆ ಒಬ್ಬರು

ಅವರು ತೀರಿಕೊಂಡ ದಿನ ಜೀವನ್ ಬಿಮಾ ನಗರದ ಅವರ ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಬಂದವರನ್ನು ಕೂರಿಸಿದ್ದರು. ನನ್ನ ಪಕ್ಕದಲ್ಲಿದ್ದ ಕಾಲೊನಿಯ ಹಿರಿಯರೊಬ್ಬರು ಹೊಟ್ಟೆಯನ್ನು ತೊಡೆಯ ಮೇಲೆ ಇಳಿಬಿಟ್ಟುಕೊಂಡು, "ಓಡಿ ಓಡಿಯೇ ಹೋದ್ರು ಪಾಪ. ಈ ವಯಸ್ಸಲ್ಲಿ ಬೇಕಿತ್ತಾ ಅದೆಲ್ಲ?" ಅಂದರು. ಇಂಥದ್ದಕ್ಕೆ ಸುಮ್ಮನಿರುವುದು ನನಗೆ ಬರುವುದಿಲ್ಲ. "ಸಾರ್, ಅವರು ಹೋಗಿದ್ದು ಕಾಮಾಲೆಯಿಂದ. ಹಾರ್ಟು ಕುದುರೆ ಥರ ಇದೆ ಅಂತ ಡಾಕ್ಟ್ರೇ ಹೇಳಿದ್ರು. ಕೂತು ಕೂತು ಹೋದೋರ ಲೆಕ್ಕ ಯಾರೂ ತೆಗೆಯಲ್ಲ ನೋಡಿ" ಅಂದೆ. ಅವರು ಕುರ್ಚಿಯನ್ನು ಸ್ವಲ್ಪ ಆಚೆ ಎಳೆದುಕೊಂಡರು.

ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕಂತೆ. ಆ ನಿಯಮ ಪಾಲಿಸಿದರೆ ಇವರ ಚಿತ್ರ ನಾಲ್ಕು ಸಾಲಿಗೆ ಮುಗಿದುಹೋಗುತ್ತದೆ. ಬಾಯಿ ಒರಟು, ಕೈ ಬಿಗಿ, ಓಟ ಎಮ್ಮೆಯದು. ಹಲ್ಲುಜ್ಜುವ ಮೊದಲೇ ಯಾರನ್ನಾದರೂ ಒಬ್ಬರನ್ನು ಬೈಯದಿದ್ದರೆ ಅವರಿಗೆ ಬೆಳಗಾಗುತ್ತಿರಲಿಲ್ಲ. ಹಾಗೆ ಬೈಸಿಕೊಳ್ಳುವ ಹಕ್ಕು ಕೊನೆಯ ಕೆಲವು ವರ್ಷ ಹೆಚ್ಚಾಗಿ ನನಗೇ ಸಿಕ್ಕಿತ್ತು. ಇವತ್ತು ಬೆಳಿಗ್ಗೆ ಬೈಯುವವರಿಲ್ಲದೆ ಎದ್ದು ಕೂತಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಹಲಸೂರಿನಲ್ಲಿ ನನ್ನದು ಸೋಫಾ, ಕುರ್ಚಿ, ಕಾರಿನ ಸೀಟು ಹೊಲಿಯುವ ಅಂಗಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಶಿವಾಜಿನಗರದ ಒಬ್ಬ ಉಸ್ತಾದರ ಹತ್ತಿರ ಸೂಜಿ ಹಿಡಿದವನು ನಾನು. ಇವತ್ತು ನನ್ನ ಹೊಲಿಗೆಯ ಮೇಲೆ ಒಂದು ಸಲವಾದರೂ ಕೂರದ ಮನುಷ್ಯ ಈ ಕಡೆ ಸಿಗುವುದು ಕಷ್ಟ. ಒಂದು ಸಂಜೆ ಆ ಅಂಗಡಿಗೆ ಕಡ್ಡಿಯಂಥ ಕಾಲಿನ, ಪೊದೆ ಮೀಸೆಯ, ಆಫೀಸಿನ ಗುರುತುಚೀಟಿ ಇನ್ನೂ ಕೊರಳಲ್ಲೇ ಇದ್ದ ಒಬ್ಬರು ಬಂದು, ಹರಿದ ಚೀಲವೊಂದನ್ನು ಮಷಿನ್ ಮೇಲೆ ಒಗೆದರು.

"ಇದನ್ನ ಹೊಲದು ಕೊಡ್ತೀಯೇನು?"

ಗದಗದ ಕಡೆಯ ಮಾತು. ಚೀಲಕ್ಕೆ ಒಂದು ಪ್ಲಾಸ್ಟಿಕ್ ಕೊಳವೆ ಬೇರೆ ಇತ್ತು.

"ಏನ್ ಸಾರ್ ಇದು? ಆಸ್ಪತ್ರೇದಾ?"

"ನೀರಿನ ಚೀಲ. ಬೆನ್ನಿಗೆ ಹಾಕ್ಕೊಂಡು ಬೆಟ್ಟದಾಗ ಓಡಾಕ."

"ಯಾರು ಓಡೋದು?"

"ನಾ."

ನನಗೆ ನಗು ತಡೆಯಲಿಲ್ಲ. ಅವರು ನಗಲಿಲ್ಲ. ನನ್ನ ಹೊಟ್ಟೆಯನ್ನು ಒಂದು ಕ್ಷಣ ನೋಡಿ, ಸೋಫಾ ಕೊಳ್ಳಲು ಬಂದ ಗಿರಾಕಿಯ ಹಾಗೆ ಬೆರಳಿನಿಂದ ಒತ್ತಿ, "ಇದರಾಗ ಏನು ತುಂಬೀ? ಫೋಮೋ, ತೆಂಗಿನ ನಾರೋ?" ಅಂದರು.

ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ನನ್ನ ಅಂಗಡಿಯಲ್ಲಿ ನಿಂತು ನನ್ನನ್ನು ಒತ್ತಿ ನೋಡಿದ ಮೊದಲ ಮನುಷ್ಯ ಅವರು. "ನಾಳೆ ಬೆಳಿಗ್ಗೆ ಎಲ್ಲಿಗೆ ಬರ್ಲಿ ಹೇಳಿ. ನಿಮ್ಮನ್ನ ಹಿಂದೆ ಹಾಕ್ದೆ ಬಿಟ್ರೆ ಕೇಳಿ" ಅಂದೆ. "ಹಲಸೂರು ಕೆರೀ ಗೇಟಿಗೆ ಬಾ" ಅಂದವರು ಹೊಲಿಗೆಯ ಕೂಲಿಯಲ್ಲಿ ಚೌಕಾಸಿ ಮಾಡಿಯೇ ಹೋದರು.

ಮಾರನೆಯ ದಿನ ಅವರನ್ನು ಹಿಂದೆ ಹಾಕಿದ್ದು ನಿಜ. ಕೆರೆಯ ಮೊದಲ ತಿರುವಿನವರೆಗೆ. ಅಲ್ಲಿ ಕಂಬ ಹಿಡಿದು ಹಿಂದಿನ ರಾತ್ರಿಯ ಊಟವನ್ನು ಆಚೆ ಹಾಕುತ್ತಿದ್ದಾಗ ಅವರು ಅದೇ ಎಮ್ಮೆಯ ಗತ್ತಿನಲ್ಲಿ ನನ್ನ ಪಕ್ಕ ದಾಟಿಕೊಂಡು, "ನಾಳೆ ಬಾ, ಸೋಫಾ" ಅಂದರು. ಅವತ್ತಿನಿಂದ ನನಗೆ ಅದೇ ಹೆಸರು. ಅಪ್ಪ ಇಟ್ಟ ಹೆಸರನ್ನು ಅವರು ಕೇಳಲೂ ಇಲ್ಲ.

ಅವರು ಒಂದು ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿದ್ದರು. ಅರ್ಜಿಗಳನ್ನು ತಿರುವಿಹಾಕಿ ಯಾವುದು ಕೊಡಬೇಕು, ಯಾವುದು ಕೊಡಬಾರದು ಅಂತ ಹೇಳುವ ಕೆಲಸ. ಮೂವತ್ತು ವರ್ಷ ಅದನ್ನೇ ಮಾಡಿ ಮಾಡಿ ಮನುಷ್ಯನನ್ನೂ ಅರ್ಜಿಯ ಹಾಗೆಯೇ ಓದುತ್ತಿದ್ದರು. ಬೆಳಿಗ್ಗೆ ನಾನು ತಡವಾಗಿ ಹೋಗಿ, "ಮಗುಗೆ ಜ್ವರ ಸಾರ್" ಅಂದರೆ, "ಮಗೂಗ ಜ್ವರ ಬಂದಿದ್ದು ಖರೆ ಇರಬಹುದು, ಆದ್ರ ನೀ ತಡಾ ಮಾಡಿದ್ದಕ್ಕೂ ಅದಕ್ಕೂ ಸಂಬಂಧ ಐತೇನು?" ಎಂದು ಕೇಳುವವರು. ಸಂಬಂಧ ಇರುತ್ತಿರಲಿಲ್ಲ. ಅದು ಅವರಿಗೆ ಹೇಗೋ ಗೊತ್ತಾಗುತ್ತಿತ್ತು.

ಊರಿನ ನಮ್ಮ ಈ ಭಾಗದಲ್ಲಿ ಬೆಟ್ಟವಿಲ್ಲ. ಬೆಟ್ಟದಲ್ಲಿ ಓಡುವವರು ಬೆಟ್ಟವಿಲ್ಲದ ಕಡೆ ತಯಾರಾಗುವುದು ಹೇಗೆ? ಅವರದೊಂದು ಪದ್ಧತಿ ಇತ್ತು. ರಸ್ತೆಯಲ್ಲಿ ಓಡಬಾರದು, ಫುಟ್‌ಪಾತಿನ ಮೇಲೆಯೇ ಓಡಬೇಕು. "ಇಂದಿರಾನಗರದ ಫುಟ್‌ಪಾತ್ ಓಡಿದಾಂವ ಹಿಮಾಲಯದಾಗೂ ಓಡ್ತಾನು" ಅನ್ನುತ್ತಿದ್ದರು. ಎದ್ದ ಕಲ್ಲು, ಬಿದ್ದ ಚಪ್ಪಡಿ, ಚರಂಡಿಯ ಬಾಯಿ, ಟ್ರಾನ್ಸ್‌ಫಾರ್ಮರಿನ ಬೇಲಿ, ಪಬ್ಬಿನ ಮುಂದೆ ಮಲಗಿದ ನಾಯಿ, ಅದರ ಪಕ್ಕದಲ್ಲಿ ಕೆಲವು ಸಲ ಪಬ್ಬಿನ ಗಿರಾಕಿ. ಎಲ್ಲವನ್ನೂ ಹಾರಿಕೊಂಡು ನೂರಡಿ ರಸ್ತೆಯ ಉದ್ದಕ್ಕೂ ಹೋಗುತ್ತಿದ್ದೆವು. ಪಕ್ಕದಲ್ಲೇ ಖಾಲಿ ಟಾರು ರಸ್ತೆ ನುಣ್ಣಗೆ ಮಲಗಿರುತ್ತಿತ್ತು. ನಾನು ಒಂದು ಹೆಜ್ಜೆ ಅದಕ್ಕೆ ಇಟ್ಟರೂ, "ಏ ಸೋಫಾ! ಬೆಟ್ಟದಾಗ ನಿಮ್ಮಪ್ಪ ಡಾಂಬರು ಹಾಕ್ಸ್ಯಾನೇನು?" ಎಂದು ಮೂರು ಮನೆಗೆ ಕೇಳುವ ಹಾಗೆ ಕೂಗು.

ಏರು ಬೇಕಾದಾಗ ಒಂದು ದೊಡ್ಡ ಅಂಗಡಿ ಸಂಕೀರ್ಣದ ಪಾರ್ಕಿಂಗ್ ಕಟ್ಟಡಕ್ಕೆ ನುಗ್ಗುತ್ತಿದ್ದೆವು. ಕಾರು ಸುತ್ತಿಕೊಂಡು ಹತ್ತುವ ಇಳಿಜಾರಿನಲ್ಲಿ ಮೇಲಿನ ಮಹಡಿಯವರೆಗೆ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಕಾವಲುಗಾರ ಮೊದಲ ದಿನ ತಡೆದಾಗ ಇವರು, "ಕಾರ್ ಎಲ್ಲಿ ನಿಲ್ಲಿಸೇನಿ ಮರತೇನಿ, ಹುಡುಕಾಕತ್ತೇನಿ" ಅಂದರು. ಅವರ ಹತ್ತಿರ ಕಾರೇ ಇರಲಿಲ್ಲ. ಮರುದಿನವೂ ಅದೇ ಉತ್ತರ. ವಾರ ಕಳೆದ ಮೇಲೆ ಕಾವಲುಗಾರ ಸೋತು, "ದಿನಾ ಕಳ್ದೋಗುತ್ತಾ ಸಾರ್ ನಿಮ್ ಕಾರು?" ಅಂದ.

"ನಿಮ್ಮ ಪಾರ್ಕಿಂಗ್ ಬಾಳ ದೊಡ್ಡದೈತಿ ಪಾ" ಅಂದರು ಇವರು, ಬೇಜಾರಾದವರ ಹಾಗೆ.

ಚಳಿಗಾಲ ಬಂತೆಂದರೆ ಈ ಊರಿನಲ್ಲಿ ಭಾನುವಾರಕ್ಕೊಂದು ಓಟ. ಹೃದಯಕ್ಕಾಗಿ ಓಟ, ಕಿಡ್ನಿಗಾಗಿ ಓಟ, ಕೆರೆಗಾಗಿ ಓಟ. ಅಷ್ಟಾದರೂ ಕೆರೆ ಹಾಗೇ ನಾರುತ್ತಿತ್ತು. ನಾವು ಎಲ್ಲದಕ್ಕೂ ಹೋದೆವು. "ಬೆಟ್ಟಕ್ಕೆ ಇದು ರಿಹರ್ಸಲ್" ಅನ್ನುವುದು ಅವರ ವಾದ. ಬಿಟ್ಟಿ ತಿಂಡಿ ಅನ್ನುವುದು ನನ್ನ ಅನುಮಾನ. ಓಟ ಮುಗಿದ ಮೇಲೆ ಇಡ್ಲಿ ಕೊಡುವ ಕಡೆಗೆ ಅವರು ಓಡಿದ ವೇಗದಲ್ಲಿ ಓಟವನ್ನೇ ಓಡಿದ್ದರೆ ಬಹುಮಾನ ಬರುತ್ತಿತ್ತು. ಒಂದೊಂದು ಓಟಕ್ಕೂ ಒಂದೊಂದು ಟೀ ಶರ್ಟು. ಅವು ಬೀರು ತುಂಬಿ ಮಂಚದ ಕೆಳಗೆ ಇಳಿದಾಗ ಅವರ ಮನೆಯವರು ನನ್ನನ್ನು ಕರೆಸಿದರು. "ನೋಡ್ರಿ, ಇವನ್ನೆಲ್ಲಾ ದಿಂಬಿನೊಳಗ ತುಂಬಿ ಹೊಲದು ಬಿಡ್ರಿ. ಇವರಿಗೆ ಹೇಳಬ್ಯಾಡ್ರಿ" ಅಂದರು. ನಾನು ಹಾಗೆಯೇ ಮಾಡಿದೆ. ಅವರು ತಿಂಗಳುಗಟ್ಟಲೆ ಆ ದಿಂಬಿಗೆ ಒರಗಿಕೊಂಡು ನನ್ನ ಹೊಲಿಗೆಯಲ್ಲಿ ಕೊಂಕು ತೆಗೆಯುತ್ತ, ಟೀ ಶರ್ಟು ಎಲ್ಲಿ ಹೋದವು ಎಂದು ಹುಡುಕುತ್ತಿದ್ದರು.

ಇಷ್ಟೆಲ್ಲ ಕುಣಿತ ಒಂದೇ ಓಟಕ್ಕಾಗಿ. ಫೆಬ್ರವರಿಯಲ್ಲಿ ಕೋಲಾರದ ಕಡೆ ಬಂಡೆಗಲ್ಲಿನ ಗುಡ್ಡಗಳ ನಡುವೆ ಐವತ್ತು ಕಿಲೋಮೀಟರ್ ಓಟ ನಡೆಯುತ್ತದೆ. ಕಾಲುದಾರಿ, ಕುರುಚಲು ಕಾಡು, ಕೊನೆಗೆ ಒಂದು ಬೋಳು ಗುಡ್ಡ. ಆ ಗುಡ್ಡದ ಬುಡದಲ್ಲಿ ಒಂದು ಶಾಮಿಯಾನ. ಗೊತ್ತುಮಾಡಿದ ಹೊತ್ತಿನೊಳಗೆ ಶಾಮಿಯಾನ ದಾಟಿ ಹೊರಡದವರನ್ನು ಅಲ್ಲೇ ನಿಲ್ಲಿಸಿ ವ್ಯಾನಿಗೆ ಹತ್ತಿಸುತ್ತಾರೆ. ಅದಕ್ಕೆ ಕಟಾಫ್ ಅನ್ನುತ್ತಾರೆ. ಇವರನ್ನು ಮೂರು ವರ್ಷ ಅಲ್ಲಿ ನಿಲ್ಲಿಸಿದ್ದರು. ಮೂರು ಸಲವೂ ಇವರು ಒಂದು ಮಾತಾಡದೆ ಎದೆಯ ಮೇಲಿನ ನಂಬರ್ ಚೀಟಿಯನ್ನು ತಾವೇ ಬಿಚ್ಚಿಕೊಟ್ಟಿದ್ದರಂತೆ. ಜೀವನವಿಡೀ ಬೇರೆಯವರಿಗೆ 'ಅವಧಿ ಮುಗಿದಿದೆ' ಅಂದವರು ತಮ್ಮ ಅವಧಿಗೆ ತಕರಾರು ತೆಗೆಯುವುದು ಹೇಗೆ?

"ಮಾರ್ಚಿನ್ಯಾಗ ರಿಟೈರ್ ಆಗ್ತೇನಿ, ಸೋಫಾ" ಅಂದರು ಒಂದು ದಿನ, ದೊಮ್ಮಲೂರಿನ ಹತ್ತಿರ ಚಹಾ ಕುಡಿಯುತ್ತ. "ಅದರೊಳಗ ಆ ಕೊನೀ ಗುಡ್ಡ ಹತ್ತಬೇಕು. ಉಳದ ದಾರಿ ಎಲ್ಲಾ ಬಾಯಿಪಾಠ ಆಗೇತಿ. ಅದೊಂದರ ಮಾರಿ ನೋಡಿಲ್ಲ."

"ಒಂದು ಭಾನುವಾರ ಬಸ್ಸಲ್ಲಿ ಹೋಗಿ ಹತ್ಕೊಂಡು ಬನ್ನಿ ಸಾರ್. ಯಾರು ಬೇಡ ಅಂತಾರೆ?"

ಅವರು ಲೋಟ ಕೆಳಗಿಟ್ಟರು. ಬೈಗುಳ ಬರುತ್ತದೆ ಅಂದುಕೊಂಡೆ, ಬರಲಿಲ್ಲ. "ಬಸ್ಸಿನ್ಯಾಗ ಹೋದ್ರ ಅದು ಗುಡ್ಡ. ಅಷ್ಟೂ ದಾರಿ ಓಡಿಹೋಗಿ ಹತ್ತಿದ್ರ ಅದು ನಂದು" ಅಂದರು. ಅವತ್ತು ಚಹಾದ ದುಡ್ಡನ್ನೂ ಅವರೇ ಕೊಟ್ಟರು. ವಿಷಯ ಗಂಭೀರ ಅಂತ ನನಗೆ ಗೊತ್ತಾಗಿದ್ದು ಆಗ.

ಆ ಫೆಬ್ರವರಿಯಲ್ಲಿ ನಾನೂ ಹೆಸರು ಕೊಟ್ಟೆ.

ಹೊರಡುವಾಗ ಇನ್ನೂ ಚಳಿ. ಒಂಬತ್ತು ಗಂಟೆಯ ಹೊತ್ತಿಗೆ ಬಂಡೆ ಕಾದು ಹೆಂಚಾಯಿತು. ನಾವಿಬ್ಬರೂ ಎಲ್ಲರಿಗಿಂತ ಹಿಂದೆ. ಅದು ನಮಗೆ ಹೊಸದಲ್ಲ. ಆದರೆ ಆ ದಿನ ಅವರ ಲೆಕ್ಕಾಚಾರ ಸರಿಯಾಗಿತ್ತು. ಎಲ್ಲಿ ನಡೆಯಬೇಕು, ಎಲ್ಲಿ ಓಡಬೇಕು ಅಂತ ಅವರು ಹೇಳಿದ ಹಾಗೆ ಬಂದೆವು. ಏರಿನಲ್ಲಿ ನಾನು ಹುರುಪಿನಿಂದ ಓಡಿದರೆ ಹಿಂದಿನಿಂದ ಚೀಲ ಹಿಡಿದು ಎಳೆಯುತ್ತಿದ್ದರು. ಶಾಮಿಯಾನ ಇನ್ನೊಂದು ತಿರುವು, ಒಂದು ಇಳಿಜಾರು ಅನ್ನುವಷ್ಟು ಹತ್ತಿರ ಬಂದಾಗ ಕೈಯಲ್ಲಿ ಧಾರಾಳ ಹೊತ್ತಿತ್ತು.

ಅಲ್ಲಿ ಅವರು ನಿಂತುಬಿಟ್ಟರು. ಮುಖ ಒಂದು ಥರ ಆಗಿತ್ತು.

"ಸೋಫಾ, ನೀ ನಡಿ. ನನಗ ಒಂದು ಕೆಲಸ ಐತಿ."

"ಈಗೇನ್ ಕೆಲಸ ಸಾರ್?"

"ನಡಿ ಅಂದ್ನೆಲ್ಲಾ!" ಎಂದು ಗದರಿಸಿ, ಹೊಟ್ಟೆ ಹಿಡಿದುಕೊಂಡು ದಾರಿಪಕ್ಕದ ಲಂಟಾನ ಪೊದೆಯ ಹಿಂದೆ ಹೋದರು. ಬೆಳಗಿನಿಂದ ತಿಂದ ಕಲ್ಲಂಗಡಿ ಮತ್ತು ಊರಿಂದ ತರಿಸಿದ್ದ ಅಂಟಿನುಂಡೆ ಒಳಗೆ ಜಗಳಕ್ಕೆ ಬಿದ್ದಿದ್ದವು.

ಇಲ್ಲಿ ಒಂದು ಪದ್ಧತಿ ಹೇಳಬೇಕು. ಬೆಟ್ಟದ ಓಟದಲ್ಲಿ ದಾರಿ ತಿಳಿಯಲು ಗಿಡಮರಗಳಿಗೆ ಕೆಂಪು ರಿಬ್ಬನ್ ಕಟ್ಟಿರುತ್ತಾರೆ. ಎಲ್ಲರಿಗಿಂತ ಹಿಂದೆ ಇಬ್ಬರು ಬರುತ್ತಾರೆ. ಅವರಿಗೆ ಸ್ವೀಪರ್ ಅಂತ ಹೆಸರು. ಕೊನೆಯ ಓಟಗಾರನ ಬೆನ್ನಿಗೇ ಬಂದು, ಆ ರಿಬ್ಬನ್ನುಗಳನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಗುಡ್ಡ ಹತ್ತಿ ಕೊನೆಯವರೆಗೂ ಹೋಗುವುದು ಅವರ ಕೆಲಸ. ಅವರು ದಾಟಿದ ದಾರಿಯಲ್ಲಿ ಓಟ ಮುಗಿಯಿತು ಅಂತ ಅರ್ಥ.

ನಾನು ಶಾಮಿಯಾನಕ್ಕೆ ಬಂದು ಉಪ್ಪು ಹಚ್ಚಿದ ಆಲೂಗಡ್ಡೆ ತಿನ್ನುತ್ತಿದ್ದೆ. ಇನ್ನೂ ಹೊತ್ತಿತ್ತು. ಅಷ್ಟರಲ್ಲಿ ಆ ಇಬ್ಬರು ಸ್ವೀಪರುಗಳು ಬಂದರು. ಮಾರತ್ತಹಳ್ಳಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಒಬ್ಬ ಹುಡುಗಿ, ಅವಳ ಸಹೋದ್ಯೋಗಿ ಒಬ್ಬ. ಚೀಲದ ತುಂಬ ರಿಬ್ಬನ್.

"ಹಿಂದೆ ಯಾರೂ ಇಲ್ಲ, ನಾವೇ ಲಾಸ್ಟ್. ಕ್ಲೋಸ್ ಮಾಡ್ಬಹುದು" ಅಂದಳು ಹುಡುಗಿ.

ನನ್ನ ಬಾಯಿಯ ಆಲೂಗಡ್ಡೆ ಅಲ್ಲೇ ನಿಂತಿತು. "ಏನಮ್ಮಾ, ನಮ್ಮ ಸಾರ್ ಎಲ್ಲಿ?"

"ಯಾವ ಸಾರ್ ಅಂಕಲ್?"

"ಪೊದೆ ಹಿಂದೆ ಕೂತಿದ್ರಲ್ಲ!"

ಅವಳು ಬಾಯಿಗೆ ಕೈ ಇಟ್ಟುಕೊಂಡಳು. "ನಾನು ಕೂಗ್ದೆ ಅಂಕಲ್, 'ಯಾರಾದ್ರೂ ಇದೀರಾ' ಅಂತ. ಎರಡು ಸಲ ಕೂಗ್ದೆ. ಯಾರೂ ಓ ಅನ್ಲಿಲ್ಲ."

ಹೇಗೆ ಅಂದಾರು? ಆ ಸ್ಥಿತಿಯಲ್ಲಿ ಕೂತು ಒಬ್ಬ ಹೆಣ್ಣುಮಗಳಿಗೆ 'ಓ' ಅನ್ನುವ ಗಂಡಸು ಅವರ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ಶಾಮಿಯಾನದ ಉಸ್ತುವಾರಿಯ ಮನುಷ್ಯ ಗಡಿಯಾರ ನೋಡಿ, "ನೀವು ಹೋಗಿ ಸಾರ್, ನಿಮ್ಮದು ಟೈಮಿಗೆ ಆಗುತ್ತೆ. ಅವರನ್ನ ನಾವು ಕರ್ಕೊಂಡ್ ಬರ್ತೀವಿ" ಅಂದ. ಒಳ್ಳೆಯ ಮಾತೇ. ಎದುರಿಗೆ ಗುಡ್ಡ ನಿಂತಿತ್ತು. ನಾನೂ ಎರಡು ಚಳಿಗಾಲ ಅಂಗಡಿಯ ಬಾಗಿಲು ತಡವಾಗಿ ತೆಗೆದು, ಹೆಂಡತಿಯ ಕೈಲಿ ಅನ್ನಿಸಿಕೊಂಡು ಬಂದವನು. ಗುಡ್ಡ ನೋಡಿದೆ, ಬಂದ ದಾರಿ ನೋಡಿದೆ. ಶಿವಾಜಿನಗರದಲ್ಲಿ ಕಲಿತ ಮೂರು ಭಾಷೆಯಲ್ಲೂ ಬೈಯುತ್ತ ಹಿಂದಕ್ಕೆ ಓಡಿದೆ.

ಅವರು ದಾರಿ ತಪ್ಪಿರಲಿಲ್ಲ. ಮೂರು ವರ್ಷ ಅದೇ ದಾರಿಯಲ್ಲಿ ಸೋತವರಿಗೆ ರಿಬ್ಬನ್ ಯಾಕೆ? ಪ್ಯಾಂಟಿನ ದಾರ ಬಿಗಿಯುತ್ತ, ಎಡವುತ್ತ, ಇಳಿಜಾರಿನಲ್ಲಿ ಬರುತ್ತಿದ್ದರು. ನನ್ನನ್ನು ಕಂಡದ್ದೇ ಮುಖ ಕೆಂಪಾಯಿತು.

"ಹಿಂದ ಯಾಕ ಬಂದಿ, ಮೂರ್ಖಾ? ನಿಂದೂ ಹೋತಲ್ಲೋ!"

"ಒಂದ್ ಸಲ ಓ ಅನ್ನೋಕೆ ಏನು ರೋಗ ಸಾರ್ ನಿಮಗೆ?"

"ಹೆಣ್ಮಗಳ ದನಿ ಇತ್ತು! ಹ್ಯಾಂಗ ಅನ್ಲಿ?"

ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಲೇ ಓಡಿದೆವು. ಆ ಇಳಿಜಾರಿನಲ್ಲಿ ಅವರು ಓಡಿದ ಹಾಗೆ ಇಡ್ಲಿಗೂ ಓಡಿರಲಿಲ್ಲ. ಶಾಮಿಯಾನ ಮುಟ್ಟಿದಾಗ ಉಸ್ತುವಾರಿಯವನು ತಲೆ ತಗ್ಗಿಸಿ ನಿಂತಿದ್ದ. "ಸಾರಿ ಸಾರ್. ಈಗ ತಾನೇ ಟೈಮ್ ಆಯ್ತು. ತಪ್ಪು ನಮ್ಮದೇ, ಆದ್ರೆ ರೂಲ್ ಇದೆ. ವ್ಯಾನ್ ರೆಡಿ ಇದೆ."

ನಾನು ಜಗಳಕ್ಕೆ ತೋಳೇರಿಸಿದೆ. ಅವರು ನನ್ನನ್ನು ಹಿಂದಕ್ಕೆ ತಳ್ಳಿದರು. ಅವರ ಕೈ ತಾನಾಗಿ ಎದೆಯ ಮೇಲಿನ ನಂಬರ್ ಚೀಟಿಯ ಪಿನ್ನಿಗೆ ಹೋಯಿತು. ಒಂದು ಪಿನ್ ಬಿಚ್ಚಿದರು. ಎರಡನೆಯದಕ್ಕೆ ಕೈ ಹಾಕಿ ಹಾಗೇ ನಿಂತರು. ಕಣ್ಣು ಗುಡ್ಡದ ಮೇಲಿತ್ತು. ಆಮೇಲೆ ನಿಧಾನವಾಗಿ ಆ ರಿಬ್ಬನ್ ಚೀಲದ ಮೇಲೆ ಬಂತು.

"ರೂಲ್ ಬರೋಬ್ಬರಿ ಐತಿ. ಒಂದು ಮಾತು ಕೇಳ್ತೇನಿ. ಸ್ವೀಪರ್ ಅಂದ್ರ ಯಾರು?"

"ಎಲ್ಲಾ ಓಟಗಾರರ ಹಿಂದೆ ಬರೋರು ಸಾರ್."

"ಇವರಿಬ್ಬರು ನನ್ನ ಹಿಂದ ಬಂದ್ರೋ, ಮುಂದ ಬಂದ್ರೋ?"

"...ಮುಂದೆ."

"ಹಂಗಾದ್ರ ಇವರು ಸ್ವೀಪರ್ ಅಲ್ಲ. ಎಲ್ಲಾರಿಗಿಂತ ಹಿಂದ ಬಂದಾಂವ ಯಾರು?"

"ನೀವು ಸಾರ್."

"ಮತ್ತ ಸ್ವೀಪರ್ ಯಾರು?"

ಶಾಮಿಯಾನದಲ್ಲಿ ಬಾಳೆಹಣ್ಣು ಸುಲಿಯುತ್ತಿದ್ದವನೊಬ್ಬ ಕೈ ನಿಲ್ಲಿಸಿದ.

"ಸ್ವೀಪರ್‌ಗೆ ಕಟಾಫ್ ಐತೇನು?"

"ಇಲ್ಲ ಸಾರ್."

"ಚೀಲಾ ಕೊಡವ್ವಾ" ಎಂದು ಹುಡುಗಿಯ ಮುಂದೆ ಕೈ ಚಾಚಿದರು.

ಹುಡುಗಿ ಉಸ್ತುವಾರಿಯವನ ಮುಖ ನೋಡಿದಳು. ಅವನು ನಗು ತಡೆದುಕೊಂಡು ಬೇರೆ ಕಡೆ ನೋಡಿದ. ಅವಳ ಜೊತೆಗಾರ ಆಗಲೇ ಮಂಡಿ ನೋವಿಗೆ ಕುರ್ಚಿ ಹುಡುಕುತ್ತಿದ್ದ. ಸ್ವೀಪರ್ ಇಬ್ಬರಿರಬೇಕು ಎಂಬುದು ನಿಯಮವಾದ್ದರಿಂದ ಎರಡನೆಯವನು ನಾನಾದೆ.

ಗುಡ್ಡ ಹತ್ತಲು ಬಹಳ ಹೊತ್ತು ಹಿಡಿಯಿತು. ಅವರು ಒಂದೊಂದು ರಿಬ್ಬನ್ನನ್ನೂ ಹರಿಯದೆ ಗಂಟು ಬಿಚ್ಚಿ, ಸುತ್ತಿ ಚೀಲಕ್ಕೆ ಹಾಕುತ್ತಿದ್ದರು. ನಾನು ಹಲ್ಲಿನಿಂದ ಕಿತ್ತರೆ ಬೈಗುಳ. ತುದಿಯಲ್ಲಿ ಒಂದು ಬೋಳು ಬಂಡೆ, ಕಿವಿ ಕಿತ್ತುಹೋಗುವ ಗಾಳಿ, ಮತ್ತೇನಿಲ್ಲ. ಅವರು ಬಂಡೆಯ ಮೇಲೆ ಅಂಗೈ ಊರಿ ಕೂತರು. ನನ್ನನ್ನು ಬೈಯುವುದನ್ನೂ ಮರೆತು, ಬಂದ ದಾರಿಯನ್ನು ಕಣ್ಣಲ್ಲೇ ಅಳೆದರು. ಆಮೇಲೆ, "ಗಾಳಿ ಚಲೋ ಐತಿ" ಅಂದರು.

ಕೆಳಗೆ ಓಟ ಮುಗಿಯುವ ಕಡೆ ಒಬ್ಬಾಕೆ ಪದಕ ಹಿಡಿದು ಕಾಯುತ್ತಿದ್ದಳು. ಇವರು ಎರಡು ಹೆಜ್ಜೆ ಹಿಂದೆ ಸರಿದರು. "ನನಗ ಬ್ಯಾಡವ್ವಾ. ಓಟಗಾರ ಅಂತ ಬಂದಿದ್ರ ನಾ ಕೆಳಗಿನ ವ್ಯಾನಿನ್ಯಾಗ ಇರ್ತಿದ್ದೆ. ನಾ ಸ್ವೀಪರ್. ಸ್ವೀಪರ್‌ಗೆ ಪದಕ ಇಲ್ಲ." ಅವಳು ಎಷ್ಟು ಹೇಳಿದರೂ ಕೇಳಲಿಲ್ಲ. ತಮ್ಮ ವಾದಕ್ಕೆ ತಾವೇ ಸಿಕ್ಕಿಬಿದ್ದು, ಒಳ್ಳೆ ಗತ್ತಿನಲ್ಲಿ ನಿಂತಿದ್ದರು. ನಾನು ಅಷ್ಟು ತತ್ವದ ಮನುಷ್ಯನಲ್ಲ. ಕತ್ತು ಚಾಚಿದೆ.

ವಾಪಸ್ ಬರುವಾಗ ಟೆಂಪೋದಲ್ಲಿ, "ಕೊಡು, ನೋಡ್ತೇನಿ" ಎಂದು ನನ್ನ ಪದಕ ಇಸಿದುಕೊಂಡರು. ಹೊಸಕೋಟೆ ದಾಟಿತು, ಕೊಡಲಿಲ್ಲ. ಕೆ.ಆರ್. ಪುರದ ಸೇತುವೆಯ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಾಗ ಅದನ್ನು ಅಂಗೈಯಲ್ಲಿ ತೂಗಿ, "ತಗಡು" ಎಂದು ನನ್ನ ಜೇಬಿಗೆ ಹಾಕಿ, ಜೇಬಿನ ಗುಂಡಿಯನ್ನೂ ತಾವೇ ಹಾಕಿದರು.

ಅದಾದ ಮೇಲೆ ಅವರು ಓಟಗಾರರಾಗಿ ಆ ಬೆಟ್ಟಕ್ಕೆ ಹೋಗಲೇ ಇಲ್ಲ. ನಿವೃತ್ತರಾದರು. ಮುಂದಿನ ಚಳಿಗಾಲ ತಾವೇ ಫೋನ್ ಮಾಡಿ ಸ್ವೀಪರ್ ಆಗಿ ಹೆಸರು ಕೊಟ್ಟರು, ಜೊತೆಗೆ ಕೇಳದೆಯೇ ನನ್ನದನ್ನೂ ಕೊಟ್ಟರು. ಹೋದ ಫೆಬ್ರವರಿಯಲ್ಲೂ ಹೋದೆವು. ಅವರ ಮೈ ಆಗಲೇ ಸ್ವಲ್ಪ ಹಳದಿ ಇತ್ತು ಅಂತ ಈಗ ಅನ್ನಿಸುತ್ತದೆ. ಆಗ ಬಿಸಿಲು ಅಂದುಕೊಂಡೆ.

ಸ್ವೀಪರ್ ಆಗಿ ಅವರದು ಹೊಸ ಕಾಟ. ಒಂದು ಪೊದೆಯನ್ನೂ ಬಿಡುತ್ತಿರಲಿಲ್ಲ. ಪ್ರತಿಯೊಂದರ ಮುಂದೆಯೂ ನಿಂತು, "ಯಾರರ ಅದೀರೇನು? ನಾಚಿಕಿ ಪಡಬ್ಯಾಡ್ರಿ!" ಎಂದು ಬೆಟ್ಟ ಬಿರಿಯುವ ಹಾಗೆ ಕೂಗು. ನನಗೇ ನಾಚಿಕೆಯಾಗಿ ಎಷ್ಟೋ ಸಲ ದೂರ ಹೋಗಿ ನಿಂತಿದ್ದೇನೆ. ಬಹಳ ಪೊದೆಗಳಲ್ಲಿ ಹಕ್ಕಿ ಹಾರಿದ್ದು ಬಿಟ್ಟರೆ ಏನೂ ಇರುತ್ತಿರಲಿಲ್ಲ. ಹೋದ ಫೆಬ್ರವರಿಯಲ್ಲಿ ಮಾತ್ರ ಒಂದು ಪೊದೆಯೊಳಗಿಂದ ಯಾರೋ ಕ್ಷೀಣವಾಗಿ, "ಅಂಕಲ್, ನೀವು ಹೋಗಿ ಪ್ಲೀಸ್... ನಾನ್ ಬರ್ತೀನಿ" ಅಂದ.

ಅವರು ರಿಬ್ಬನ್ ಚೀಲ ಕೆಳಗಿಟ್ಟು, ಪೊದೆಗೆ ಬೆನ್ನು ಮಾಡಿ, ದಾರಿಗೆ ಅಡ್ಡಲಾಗಿ ಕಾಲಗಲಿಸಿ ನಿಂತರು.

"ನಾ ಮುಂದ ಹೋದ್ರ ನೀ ಓಟದಾಗ ಇರಂಗಿಲ್ಲಪಾ. ಸಾವಕಾಶ ಕುಂಡ್ರು. ನಾ ಇಲ್ಲೇ ಅದೇನಿ."